ಎರಡನೆಯ ಕೋಷ್ಟಕದಲ್ಲಿಲ್ಲದ ಒಂಬತ್ತು ಮಂದಿ

ಜೂನ್ 3, ಮಂಗಳವಾರ

ಸೊಸೆಯ ಸಂಶೋಧನಾ ಪ್ರಬಂಧದ ಎರಡನೆಯ ಅಧ್ಯಾಯ ಇಂದು ವಿಶ್ವವಿದ್ಯಾಲಯದಿಂದ ಹಿಂದಕ್ಕೆ ಬಂದಿದೆ. ಅಧ್ಯಾಯದ ಹೆಸರು ‘ಪೂರ್ವಾಧ್ಯಯನಗಳ ಸಮೀಕ್ಷೆ’. ಅಂದರೆ, ತಾನು ಕೈಗೆತ್ತಿಕೊಂಡ ವಿಷಯವಾದ ಮಕ್ಕಳ ಬರವಣಿಗೆಯ ತಿದ್ದುವಿಕೆಯ ಬಗ್ಗೆ ತನಗಿಂತ ಮೊದಲಿನವರು ಏನೇನು ಕಂಡುಕೊಂಡಿದ್ದಾರೆ ಎಂಬುದರ ವಿಚಾರಣೆ. ಮೂವತ್ತೊಂದು ಅಧ್ಯಯನಗಳನ್ನು ಓದಿ ಅರವತ್ತೆರಡು ಪುಟ ಬರೆದಿದ್ದಳು. ಮಾರ್ಗದರ್ಶಕಿ ಎನ್ನಿಸಿಕೊಂಡ ಪ್ರಾಧ್ಯಾಪಕಿ ಮೊದಲ ಪುಟದ ನೆತ್ತಿಯ ಮೇಲೆ ಎರಡು ಸಾಲು ಗೀಚಿದ್ದಾರೆ: “ಇದು ಪಟ್ಟಿ, ಸಮೀಕ್ಷೆಯಲ್ಲ. ಜೂನ್ ಮೂವತ್ತರೊಳಗೆ ಹೊಸದಾಗಿ ಬರೆದು ತನ್ನಿ.” ಉಳಿದ ಅರವತ್ತೊಂದು ಪುಟಗಳ ಮೇಲೆ ಒಂದು ಗೆರೆಯೂ ಇಲ್ಲ, ಒಂದು ಚುಕ್ಕೆಯೂ ಇಲ್ಲ.

ನಾನು ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಮಕ್ಕಳ ಪ್ರಬಂಧಗಳನ್ನು ತಿದ್ದಿದವನು. ತಪ್ಪು ಎಲ್ಲಿದೆಯೆಂದು ತೋರಿಸದೆ ತಪ್ಪೆಂದು ಹೇಳುವುದು ಶುದ್ಧ ಸೋಮಾರಿತನ. ಅದಕ್ಕಿಂತ ಹೆಚ್ಚಾಗಿ, ಆ ಅರವತ್ತೆರಡು ಪುಟಗಳ ಭಾಷೆಯನ್ನು ಮೂರು ಬಾರಿ ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟವನು ನಾನೇ. ಆ ಪುಟಗಳಲ್ಲಿ ಒಂದು ಅಲ್ಪವಿರಾಮವನ್ನು ಆಚೀಚೆ ಮಾಡಿ ತೋರಿಸಲಿ, ನೋಡೋಣ.

ಸೊಸೆಯೂ ಶಾಲಾ ಶಿಕ್ಷಕಿಯೇ. ನಲವತ್ತೊಂದು ವರ್ಷ. ಅಧ್ಯಯನಕ್ಕೆಂದು ಪಡೆದ ರಜೆ ಮುಗಿಯುತ್ತಾ ಬಂದಿದೆ. ನೋಂದಣಿಯನ್ನು ಈಗಾಗಲೇ ಎರಡು ಸಲ ವಿಸ್ತರಿಸಿಕೊಂಡಿದ್ದಾಳೆ. ಈ ಸಲ ಅಧ್ಯಾಯ ಒಪ್ಪಿಗೆಯಾಗದಿದ್ದರೆ ನೋಂದಣಿ ರದ್ದು. ಮೂರು ವರ್ಷದ ದುಡಿಮೆ ಕಸದ ಬುಟ್ಟಿಗೆ.

ನನ್ನ ಮಗ, ಅಂದರೆ ಅವಳ ಗಂಡ, ಔಷಧಿ ಅಂಗಡಿಯಿಂದ ಬಂದವನು ಚಪ್ಪಲಿ ಬಿಡುತ್ತಲೇ, “ಬಿಟ್ಟುಬಿಡು ಅತ್ಲಾಗೆ. ಎಲ್ಲರೂ ಡಾಕ್ಟರೇಟ್ ತಗೊಳ್ಳಲೇಬೇಕಾ?” ಎಂದ. ಅವಳ ಬದಲು ಉತ್ತರವನ್ನು ನಾನು ಕೊಟ್ಟೆ. ಅದನ್ನು ಇಲ್ಲಿ ಬರೆಯುವಂತಿಲ್ಲ.

ಜೂನ್ 4, ಬುಧವಾರ

ಬೆಳಗಿನಿಂದ ಆ ಅಧ್ಯಾಯವನ್ನು ಓದಿದೆ. ಈ ಬಾರಿ ತಿದ್ದಲು ಅಲ್ಲ, ಓದಲು.

ಮೈಯೆಲ್ಲ ಉರಿಯುತ್ತಿದೆ, ಏಕೆಂದರೆ ಆ ಹೆಂಗಸು ಹೇಳಿದ್ದು ಸರಿ.

ಮೂವತ್ತೊಂದು ಕಂಡಿಕೆಗಳು. ಪ್ರತಿಯೊಂದೂ ‘ಇವರ ಅಭಿಪ್ರಾಯದಲ್ಲಿ’ ಎಂದು ಆರಂಭವಾಗಿ ‘ಎಂದು ತಿಳಿಸಿದ್ದಾರೆ’ ಎಂದು ಮುಗಿಯುತ್ತದೆ. ಸಭೆಯೊಂದರ ವೇದಿಕೆಯ ಮೇಲೆ ಮೂವತ್ತೊಂದು ಮಂದಿಯನ್ನು ಸಾಲಾಗಿ ಕೂರಿಸಿ, ಒಬ್ಬೊಬ್ಬರನ್ನೇ ಪರಿಚಯಿಸಿ, ಯಾರಿಗೂ ಮಾತನಾಡಲು ಬಿಡದೆ ಸಭೆಯನ್ನು ಮುಗಿಸಿದಂತಿದೆ. ಇವರಲ್ಲಿ ಯಾರು ಯಾರನ್ನು ಒಪ್ಪುತ್ತಾರೆ? ಯಾರು ಯಾರ ಮಾತನ್ನು ಅಲ್ಲಗಳೆಯುತ್ತಾರೆ? ಇವರೆಲ್ಲ ಕೂಡಿ ನೋಡದೆ ಬಿಟ್ಟದ್ದು ಯಾವುದು? ಒಂದಕ್ಕೂ ಉತ್ತರವಿಲ್ಲ.

ಸೊಸೆಯನ್ನು ಕರೆದು ಹೇಳಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, “ನೀವೇ ಅಚ್ಚುಕಟ್ಟಾಗಿದೆ ಅಂದಿದ್ರಿ, ಮಾವ” ಎಂದಳು.

“ಅಚ್ಚುಕಟ್ಟಾಗಿದೆ ಅಂದೆ. ಸರಿಯಾಗಿದೆ ಅಂದ್ನಾ?”

“ಅಷ್ಟೊಂದು ಕೆಂಪು ಶಾಯಿ ಸುರಿದ್ರಲ್ಲ, ಒಂದು ಸಲವಾದ್ರೂ ಇದು ಪಟ್ಟಿ ಅಂತ ಅನ್ನಿಸಲಿಲ್ವಾ ನಿಮಗೆ?”

ಈ ತಲೆಮಾರಿನವರಿಗೆ ಹಿರಿಯರೊಡನೆ ಮಾತನಾಡುವ ರೀತಿಯನ್ನು ಯಾರೂ ಕಲಿಸಿಲ್ಲ.

ಜೂನ್ 7, ಶನಿವಾರ

ಇನ್ನು ಇದನ್ನು ನಾನೇ ಮುಂದೆ ನಿಂತು ಮಾಡಿಸುವುದೆಂದು ನಿರ್ಧರಿಸಿದ್ದೇನೆ. ಹಳೆಯ ಕ್ಯಾಲೆಂಡರುಗಳ ಹಾಳೆಗಳನ್ನು ಕತ್ತರಿಸಿ ಅಂಗೈಯಗಲದ ಚೀಟಿಗಳನ್ನು ಮಾಡಿದೆ. ಹಿಂಬದಿ ಖಾಲಿ ಇರುತ್ತದೆ. ಹೊಸ ಕಾಗದವನ್ನು ಹಾಳುಮಾಡುವ ಅಗತ್ಯವಿಲ್ಲ. ಒಂದು ಅಧ್ಯಯನಕ್ಕೆ ಒಂದೇ ಚೀಟಿ. ಚೀಟಿಯಲ್ಲಿ ಐದೇ ಸಾಲು: ಇವರು ಕೇಳಿದ ಪ್ರಶ್ನೆ ಯಾವುದು, ಯಾರನ್ನು ಎಷ್ಟು ಮಂದಿಯನ್ನು ನೋಡಿದರು, ಹೇಗೆ ನೋಡಿದರು, ಏನು ಕಂಡರು, ಏನನ್ನು ಹೇಳದೆ ಬಿಟ್ಟರು. ಆರನೆಯ ಸಾಲು ಬರೆಯಬೇಕೆನ್ನಿಸಿದರೆ ಓದಿದ್ದು ಅರ್ಥವಾಗಿಲ್ಲವೆಂದೇ ತಿಳಿಯಬೇಕು.

ಕೊನೆಯ ಸಾಲಿಗೆ ಬಂದಾಗ ಅವಳು ತಡವರಿಸಿದಳು. “ಹೇಳಿದ್ದನ್ನ ಬರೀಬಹುದು ಮಾವ. ಹೇಳದೆ ಬಿಟ್ಟಿದ್ದನ್ನ ಹೇಗೆ ಬರೀಲಿ?”

“ಮಕ್ಕಳು ಶಾಲೆಗೆ ತಡವಾಗಿ ಬಂದಾಗ ಏನಂತ ಕೇಳ್ತೀಯ? ಅವರು ಹೇಳೋ ಕಾರಣ ಕೇಳಿ ಸುಮ್ಮನಾಗ್ತೀಯಾ?”

ಅಲ್ಲಿಂದ ಮುಂದೆ ಕೈ ಸರಾಗವಾಗಿ ಓಡಿತು.

ಮಧ್ಯಾಹ್ನದ ಹೊತ್ತಿಗೆ ಮೂವತ್ತೊಂದು ಚೀಟಿಗಳೂ ಸಿದ್ಧವಾದವು. ಅವನ್ನು ಮಂಚದ ಮೇಲೆ ಹರಡಿ, ಬರೆದವರ ಹೆಸರಿನ ಪ್ರಕಾರವಲ್ಲದೆ ಪ್ರಶ್ನೆಯ ಪ್ರಕಾರ ಗುಂಪು ಮಾಡಿಸಿದೆ. ತಪ್ಪುಗಳನ್ನೆಲ್ಲ ತಿದ್ದಬೇಕೇ, ಕೆಲವನ್ನು ಮಾತ್ರವೇ? ತಿದ್ದಿದ್ದನ್ನು ಮಕ್ಕಳು ಓದುತ್ತಾರೆಯೇ? ಶಿಕ್ಷಕರು ತಿದ್ದಬೇಕೇ, ಸಹಪಾಠಿಗಳೇ? ಒಂದೊಂದು ಗುಂಪೂ ಅಧ್ಯಾಯದ ಒಂದೊಂದು ಭಾಗ. ಒಂದೇ ಗುಂಪಿನೊಳಗೆ ಜಗಳವಾಡುವ ಚೀಟಿಗಳನ್ನು ಎದುರುಬದುರಾಗಿ ಇಟ್ಟೆ. ಎರಡು ಗಂಟೆಯಲ್ಲಿ ಆ ವೇದಿಕೆಯ ಮೇಲಿನವರು ಮೊದಲ ಬಾರಿಗೆ ಬಾಯಿ ಬಿಟ್ಟರು.

ನನ್ನ ಹೆಂಡತಿ ಬಾಗಿಲಲ್ಲಿ ನಿಂತು, “ರೀ, ನನಗೆ ಸ್ವಲ್ಪ ಬೆನ್ನು ಚಾಚಬೇಕು. ಎಲ್ಲಿ ಮಲಗಲಿ, ಇವರ ಮೇಲಾ?” ಎಂದಳು.

“ಮುಟ್ಟಬೇಡ. ವಿದ್ವಾಂಸರು.”

“ಹಾಗಾದ್ರೆ ನೀವು ವಿದ್ವಾಂಸರ ಜೊತೆ ಸಂಸಾರ ಮಾಡ್ಕೊಂಡಿರಿ” ಎಂದು ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದಳು. ಸೊಸೆ ನಕ್ಕಳು. ಇದರಲ್ಲಿ ನಗುವಂಥದ್ದು ನನಗೇನೂ ಕಾಣಲಿಲ್ಲ.

ಜೂನ್ 11, ಬುಧವಾರ

ಇಂದು ಎರಡು ಅವಿವೇಕಗಳನ್ನು ಕಂಡೆ.

ಮೊದಲನೆಯದು ವಿಶ್ವವಿದ್ಯಾಲಯದ ಗೇಟಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ. ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ. ಈಗ ಕೂದಲು ನರೆತಿದೆ. “ಬನ್ನಿ ಮೇಷ್ಟ್ರೇ” ಎಂದು ಕುರ್ಚಿ ಒರೆಸಿ ಕೊಡುತ್ತಾನೆ, ಮರ್ಯಾದೆಗೇನೂ ಕೊರತೆಯಿಲ್ಲ. ಆದರೆ ಎಷ್ಟು ಹಾಳೆ, ಎಷ್ಟು ಪ್ರತಿ ಎಂಬ ಚೀಟಿಯನ್ನು ಮಾತ್ರ ತಾನು ಬರೆಯುವುದಿಲ್ಲ. ಬಂದವರ ಕೈಗೆ ಪೆನ್ನು ಕೊಟ್ಟು, “ನೀವೇ ಬರ್ದುಬಿಡಿ” ಎನ್ನುತ್ತಾನೆ. ದಿನವಿಡೀ ಊರಿನವರ ಬರವಣಿಗೆಯನ್ನು ಅಚ್ಚು ತೆಗೆಯುವವನಿಗೆ ಎರಡು ಪದ ಬರೆಯುವಷ್ಟು ಶ್ರದ್ಧೆ ಬೇಡವೇ? ನನ್ನ ತರಗತಿಯಲ್ಲಿ ಕುಳಿತಿದ್ದವನು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಎರಡನೆಯದು ಮನೆಯಲ್ಲಿ. ಮಂಚದ ಮೇಲಿನ ದೊಡ್ಡ ಗುಂಪಿನಲ್ಲಿ ಹನ್ನೊಂದು ಚೀಟಿಗಳು ಒಂದೇ ಮಾತನ್ನು ಹೇಳುತ್ತಿವೆ: ಪ್ರತಿಯೊಂದು ತಪ್ಪನ್ನೂ ಗುರುತಿಸಿ ತಿದ್ದಿದರೆ ಬರವಣಿಗೆ ಸುಧಾರಿಸುತ್ತದೆ ಎಂಬುದು ಸಾಬೀತಾಗಿದೆ. ಮಾತೇನೋ ಸರಿಯೇ, ನಾನು ಜೀವಮಾನವಿಡೀ ನಂಬಿ ನಡೆದ ಮಾತು. ಆದರೆ ಸಾಬೀತು ಮಾಡಿದವರು ಯಾರು? ಸೊಸೆಯನ್ನು ಕೇಳಿದೆ.

“ಇವರು ಹೇಳ್ತಾರೆ, ಅವರು ಸಾಬೀತು ಮಾಡಿದ್ದಾರೆ ಅಂತ.”

“ಅವರು?”

“ಅವರು ಇನ್ನೊಬ್ಬರ ಕಡೆ ಕೈ ತೋರಿಸ್ತಾರೆ.”

“ಆ ಇನ್ನೊಬ್ಬರನ್ನ ಓದಿದೀಯಾ?”

“ಅದು ಸಿಗಲ್ಲ ಮಾವ. ತುಂಬಾ ಹಳೇದು. ಯಾವುದೋ ಶಿಕ್ಷಕರ ಪತ್ರಿಕೆ. ಎಲ್ಲರೂ ಹೀಗೇ ಉಲ್ಲೇಖ ಮಾಡ್ತಾರೆ.”

ಕೈಯಲ್ಲಿದ್ದ ಲೋಟವನ್ನು ಕುಕ್ಕಿದೆ. ಹನ್ನೊಂದು ಮಂದಿ ಪಂಡಿತರು, ಒಬ್ಬನೂ ಮೂಲವನ್ನು ಕಣ್ಣಿಂದ ನೋಡಿಲ್ಲ! ಹನ್ನೊಂದು ಸಾಕ್ಷಿಗಳೆಂದು ಇವಳು ಎಣಿಸಿದ್ದಾಳೆ. ಇರುವುದು ಒಂದೇ ಸಾಕ್ಷಿ, ಹನ್ನೊಂದು ಪ್ರತಿಧ್ವನಿ. ಕಾಣದ್ದನ್ನು ಕಂಡೆನೆಂದು ಬರೆಯುವುದು ಸುಳ್ಳು. ಅಡಿಟಿಪ್ಪಣಿ ಹಾಕಿದ ಮಾತ್ರಕ್ಕೆ ಸುಳ್ಳು ಸತ್ಯವಾಗುವುದಿಲ್ಲ. “ಗ್ರಂಥಾಲಯದ ನೆಲಮಾಳಿಗೆಗೆ ಇಳಿದು ಹುಡುಕು. ಮೂಲ ಸಿಗೋವರೆಗೆ ಆ ಗುಂಪಿನ ಬಗ್ಗೆ ಒಂದಕ್ಷರ ಬರೀಬೇಡ” ಎಂದೆ.

“ಹತ್ತೊಂಬತ್ತು ದಿನ ಉಳಿದಿದೆ ಮಾವ.”

“ಹಾಗಾದ್ರೆ ಇವತ್ತೇ ಹೋಗು.”

ಜೂನ್ 16, ಸೋಮವಾರ

ಐದು ದಿನ ಗ್ರಂಥಾಲಯದ ನೆಲಮಾಳಿಗೆಯ ಧೂಳು ಕುಡಿದು, ಇಂದು ಮಧ್ಯಾಹ್ನ ಮೂಲ ಲೇಖನದ ನಕಲು ಹಿಡಿದು ಬಂದಳು. ಬಂದವಳು ಒಳಗೆ ಬಾರದೆ ಹೊಸ್ತಿಲಲ್ಲೇ ನಿಂತಳು.

“ಏನು? ಸಿಗಲಿಲ್ವಾ?”

“ಸಿಕ್ತು. ನೀವೇ ನೋಡಿ.”

ಶಿಕ್ಷಕರ ತರಬೇತಿ ಕಾಲೇಜೊಂದು ಹೊರಡಿಸುತ್ತಿದ್ದ ತ್ರೈಮಾಸಿಕ. ಮೂವತ್ತಾರು ವರ್ಷ ಹಿಂದಿನ ಸಂಚಿಕೆ. ‘ಸಮಗ್ರ ತಿದ್ದುವಿಕೆ: ಒಂದು ತರಗತಿಯ ಪ್ರಯೋಗ’. ಅದರ ಕೆಳಗೆ ನನ್ನ ಹೆಸರು.

ಬರೆದದ್ದು ನೆನಪಿತ್ತು. ಅಚ್ಚಾದದ್ದೂ ನೆನಪಿತ್ತು. ಅದನ್ನು ಯಾರಾದರೂ ಓದಿರಬಹುದೆಂದು ಮಾತ್ರ ಕನಸಿನಲ್ಲೂ ಎಣಿಸಿರಲಿಲ್ಲ. ಹನ್ನೊಂದು ಮಂದಿ! ಅವರೆಲ್ಲರೂ ನನ್ನ ಹೆಸರನ್ನೇ ನುಂಗಿ ‘ಓರ್ವ ಶಾಲಾ ಶಿಕ್ಷಕರು’ ಎಂದಿದ್ದಾರೆ. ಒಬ್ಬನಂತೂ ಇಸವಿಯನ್ನು ಎರಡು ವರ್ಷ ಮುಂದಕ್ಕೆ ತಳ್ಳಿದ್ದಾನೆ. ಬೇಜವಾಬ್ದಾರಿಯ ಪರಮಾವಧಿ. ಅವರಿಗೆ ಪತ್ರ ಬರೆಯಬೇಕು.

ಹೆಂಡತಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, “ಇದಕ್ಕೇನಾ ಆ ವರ್ಷ ಬೇಸಗೆ ರಜೆ ಪೂರ್ತಿ ಮನೇಲಿ ಯಾರೂ ಕೆಮ್ಮಬಾರದು ಅಂದಿದ್ದು?” ಎಂದಳು.

ಎರಡು ಸಲ ಕಾಫಿ ಕುಡಿದೆ. ಲೇಖನವನ್ನು ನಾಲ್ಕು ಸಲ ಓದಿದೆ. ಭಾಷೆ ಚೆನ್ನಾಗಿದೆ. ಈಗಿನವರಿಗೆ ಇಂಥ ವಾಕ್ಯ ಕಟ್ಟಲು ಬರುವುದಿಲ್ಲ.

ಜೂನ್ 17, ಮಂಗಳವಾರ

ಈ ಮನೆಯಲ್ಲಿ ನನ್ನನ್ನು ವಿಚಾರಣೆಗೆ ನಿಲ್ಲಿಸಲಾಗಿದೆ.

ಬೆಳಗ್ಗೆ ಅವಳು ಲೇಖನದ ಚೀಟಿ ಬರೆಯಲು ಕುಳಿತಳು. ಮೂವತ್ತೆರಡನೆಯ ಚೀಟಿ. ನಾಲ್ಕು ಸಾಲು ಬರೆದವಳು ಐದನೆಯದಕ್ಕೆ ನಿಂತಳು. ಬಹಳ ಹೊತ್ತು ಪುಟಗಳನ್ನು ಹಿಂದೆಮುಂದೆ ಮಾಡಿ, “ಮಾವ, ಒಂದು ಕೇಳ್ಲಾ?” ಎಂದಳು.

“ಕೇಳು.”

“ಮೊದಲನೇ ಕೋಷ್ಟಕ ವರ್ಷದ ಆರಂಭದ್ದು. ಐವತ್ತೆರಡು ವಿದ್ಯಾರ್ಥಿಗಳು, ಒಂದು ಪ್ರಬಂಧಕ್ಕೆ ಸರಾಸರಿ ಇಪ್ಪತ್ತೇಳು ತಪ್ಪು. ಎರಡನೇದು ವರ್ಷದ ಕೊನೇದು. ಸರಾಸರಿ ಹನ್ನೆರಡು ತಪ್ಪು.”

“ಹೌದು. ಹದಿನೈದು ತಪ್ಪು ಇಳಿದವು.”

“ಎರಡನೇದರಲ್ಲಿ ನಲವತ್ತಮೂರು ಜನ ಇದಾರೆ. ಒಂಬತ್ತು ಜನ ಎಲ್ಲಿಗೆ ಹೋದ್ರು?”

ಅವಳ ಧ್ವನಿಯಲ್ಲಿ ಕುಹಕವಿರಲಿಲ್ಲ. ಅದೇ ನನ್ನನ್ನು ಕೆರಳಿಸಿತು. ಮೂವತ್ತಾರು ವರ್ಷ ಹನ್ನೊಂದು ವಿದ್ವಾಂಸರು ಕೇಳದ ಪ್ರಶ್ನೆಯನ್ನು, ನಾನು ಕತ್ತರಿಸಿ ಕೊಟ್ಟ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡು, ನಾನು ಹೇಳಿಕೊಟ್ಟ ಐದನೆಯ ಸಾಲಿಗಾಗಿ, ನನ್ನನ್ನೇ ಕೇಳುತ್ತಾಳೆ! ಶಾಲೆಯೆಂದ ಮೇಲೆ ಮಕ್ಕಳು ಬಿಡುತ್ತಾರೆ, ವಿಭಾಗ ಬದಲಾಯಿಸುತ್ತಾರೆ, ಕಾಯಿಲೆ ಬೀಳುತ್ತಾರೆ. ಐವತ್ತೆರಡು ಮಂದಿಯ ನೋಟ್‌ಪುಸ್ತಕಗಳನ್ನು ವಾರವಾರವೂ ಹೊತ್ತು ತಂದು, ಭಾನುವಾರಗಳನ್ನೆಲ್ಲ ಸುಟ್ಟುಕೊಂಡು ತಿದ್ದಿದವನು ನಾನು. ಅದನ್ನೆಲ್ಲ ಯಾರು ಕೇಳುತ್ತಾರೆ? ಒಂಬತ್ತು ಮಂದಿ ಎಲ್ಲಿ ಎಂದು ಕೇಳುತ್ತಾರೆ.

“ನನ್ನ ಪ್ರಾಮಾಣಿಕತೆಯನ್ನ ಅಳೆಯೋಕೆ ನಿನಗೆ ಚೀಟಿ ಕತ್ತರಿಸಿ ಕೊಡಲಿಲ್ಲ” ಎಂದು ಎದ್ದುಬಂದೆ.

ಜೂನ್ 19, ಗುರುವಾರ

ಸೊಸೆಯೊಡನೆ ಮಾತಿಲ್ಲ. ಕಾಫಿ ಆರಿತ್ತು.

ಜೂನ್ 20, ಶುಕ್ರವಾರ

ಮಾತಿಲ್ಲ.

ಜೂನ್ 21, ಶನಿವಾರ

ಅವಳ ಬಾಯಿ ಮುಚ್ಚಿಸುವ ಒಂದೇ ಉದ್ದೇಶದಿಂದ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿದೆ. ಆ ವರ್ಷದ ಅಂಕಪುಸ್ತಕ ತಳದಲ್ಲಿತ್ತು. ನಾನು ಯಾವ ಅಂಕಪುಸ್ತಕವನ್ನೂ ಎಸೆದವನಲ್ಲ.

ಒಂಬತ್ತು ಕ್ರಮಸಂಖ್ಯೆಗಳ ಮುಂದೆ, ಮೂರನೆಯ ತಿಂಗಳಿನಿಂದ, ನನ್ನದೇ ಕೈಬರಹದಲ್ಲಿ ‘ನೋಟ್‌ಪುಸ್ತಕ ಸಲ್ಲಿಸಿಲ್ಲ’ ಎಂದಿದೆ. ಮತ್ತೆ ಸಲ್ಲಿಸಿಲ್ಲ. ಮತ್ತೆ ಸಲ್ಲಿಸಿಲ್ಲ. ಐದನೆಯ ತಿಂಗಳಲ್ಲಿ ಕೆಂಪು ಗೆರೆ ಎಳೆದು ‘ಇನ್ನೊಂದು ವಿಭಾಗಕ್ಕೆ ವರ್ಗಾಯಿಸಲಾಗಿದೆ’ ಎಂದಿದೆ. ಅವರನ್ನು ಕಳುಹಿಸುವಂತೆ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದದ್ದು ನಾನೇ. ಪ್ರಯೋಗ ಕೆಡಬಾರದೆಂದು.

ಆರಂಭದ ಪ್ರಬಂಧದಲ್ಲಿ ಆ ಒಂಬತ್ತು ಮಂದಿಯ ಸರಾಸರಿ ತಪ್ಪು ಐವತ್ತೊಂದು. ತರಗತಿಯಲ್ಲಿ ಅತಿ ಹೆಚ್ಚು. ಅವರನ್ನು ತೆಗೆದು, ಉಳಿದ ನಲವತ್ತಮೂರು ಮಂದಿಯ ಆರಂಭದ ಸರಾಸರಿಯನ್ನು ಮತ್ತೆ ಕೂಡಿದೆ. ಇಪ್ಪತ್ತೇಳಲ್ಲ, ಇಪ್ಪತ್ತೆರಡು. ಮೂರು ಬಾರಿ ಕೂಡಿದೆ. ಇಪ್ಪತ್ತೆರಡೇ. ಇಳಿದದ್ದು ಹದಿನೈದಲ್ಲ, ಹತ್ತು. ಉಳಿದ ಐದನ್ನು ಇಳಿಸಿದ್ದು ನನ್ನ ಕೆಂಪು ಶಾಯಿಯಲ್ಲ, ಆ ಒಂಬತ್ತು ಮಂದಿಯನ್ನು ಹೊರಗೆ ಕಳುಹಿಸಿದ ಆ ಪತ್ರ.

ಮೋಸ ಮಾಡಬೇಕೆಂದು ಮಾಡಿದ್ದಲ್ಲ. ಪ್ರಯೋಗಕ್ಕೆ ಒಗ್ಗದವರನ್ನು ಬಿಡುವುದು ಸಹಜವೆಂದುಕೊಂಡಿದ್ದೆ. ಈ ಮಾತನ್ನು ಯಾರಿಗೆ ಹೇಳುತ್ತಿದ್ದೇನೆ? ಇಲ್ಲಿ ನನ್ನನ್ನು ಬಿಟ್ಟರೆ ಯಾರೂ ಇಲ್ಲ.

ಕ್ರಮಸಂಖ್ಯೆ ಹದಿನೇಳು ಆ ಜೆರಾಕ್ಸ್ ಅಂಗಡಿಯವನು.

ಜೂನ್ 23, ಸೋಮವಾರ

ಸೊಸೆ ಬೆಳಗ್ಗೆ ಕಾಫಿ ತಂದಿಟ್ಟು, ನನ್ನ ಮುಖ ನೋಡದೆ ಹೇಳಿದಳು: “ಮಾವ, ನಾನೊಂದು ತೀರ್ಮಾನ ಮಾಡಿದೀನಿ. ನಿಮ್ಮ ಲೇಖನ ಬಿಟ್ಟುಬಿಡ್ತೀನಿ. ಮೂವತ್ತೊಂದು ಸಾಕು. ಆ ಹನ್ನೊಂದನ್ನ ಮೊದಲಿದ್ದ ಹಾಗೇ ಇಟ್ಟುಬಿಟ್ರೆ ಯಾರೂ ಕೇಳಲ್ಲ.”

“ಯಾರಿಗೋಸ್ಕರ?”

“ನಿಮಗೋಸ್ಕರ.”

ಇಷ್ಟು ವರ್ಷಗಳಲ್ಲಿ ನನಗೆ ಯಾರೂ ಇಂಥ ಅವಮಾನ ಮಾಡಿರಲಿಲ್ಲ. ನನಗೆ ಸಹಾಯ ಮಾಡುತ್ತಾಳಂತೆ! ನನ್ನ ಮಾನ ಉಳಿಸಲು ತನ್ನ ಅಧ್ಯಾಯದಲ್ಲಿ ಸುಳ್ಳನ್ನು ಉಳಿಸುತ್ತಾಳಂತೆ!

ಗಂಟಲು ಬಿರಿಯುವಂತೆ ಕೂಗಿದೆ. “ಮೂಲ ನೋಡದವರನ್ನ ಬೈದೆ. ನೀನು ನೋಡಿದೀಯ. ನೋಡಿಯೂ ನೋಡಿಲ್ಲ ಅಂತ ಬರೀತೀಯಾ? ಅವರಾದ್ರೂ ಸೋಮಾರಿಗಳು. ನೀನು ಅವರಿಗಿಂತ ಕಡೆ ಆಗ್ತೀಯ!”

“ಹಾಗಾದ್ರೆ ಏನು ಮಾಡ್ಲಿ? ಕೇಳಿದ್ರೂ ಕೋಪ, ಬಿಟ್ರೂ ಕೋಪ! ಏಳು ದಿನ ಇದೆ ಮಾವ ನನಗೆ. ಏಳೇ ದಿನ.” ಅವಳೂ ಕೂಗಿದಳು. ಮದುವೆಯಾಗಿ ಬಂದ ಹದಿನಾರು ವರ್ಷಗಳಲ್ಲಿ ಅವಳು ನನ್ನೆದುರು ದನಿ ಎತ್ತಿದ್ದು ಇದೇ ಮೊದಲು.

ಅಡುಗೆಮನೆಯಿಂದ ನನ್ನ ಹೆಂಡತಿ, “ಎರಡು ದಿನದಿಂದ ಆ ಅಂಕಪುಸ್ತಕಾನ ದಿಂಬಿನ ಕೆಳಗೆ ಬಚ್ಚಿಟ್ಕೊಂಡು ಓಡಾಡ್ತಿದೀರಲ್ರೀ, ಕೊಡಬಾರದಾ ಆ ಹುಡುಗೀಗೆ?” ಎಂದಳು.

ತಂದು ಮೇಜಿನ ಮೇಲೆ ಎಸೆದೆ. “ತಗೋ. ನೀನೇ ಕೂಡಿ ನೋಡು. ನನ್ನ ಲೆಕ್ಕ ನಂಬಬೇಡ.”

ಅವಳೂ ಮೂರು ಬಾರಿ ಕೂಡಿದಳು. ಇಪ್ಪತ್ತೆರಡು.

ಜೂನ್ 25, ಬುಧವಾರ

ಅಂಕಪುಸ್ತಕದ ಆ ಪುಟದ ನಕಲು ಬೇಕಿತ್ತು. ಹತ್ತಿರದಲ್ಲೇ ಬೇರೆ ಅಂಗಡಿಯಿದೆ. ಆದರೆ ಅಲ್ಲಿಯ ಯಂತ್ರ ಸರಿಯಿಲ್ಲ, ಕಪ್ಪು ಮಸಿ ಬಳಿಯುತ್ತದೆ. ಆದ್ದರಿಂದ ವಿಶ್ವವಿದ್ಯಾಲಯದ ಗೇಟಿನವರೆಗೆ ಹೋದೆ.

ಅವನು ಪುಟವನ್ನು ಗಾಜಿನ ಮೇಲಿಟ್ಟವನು ಮುಚ್ಚಳ ಹಾಕದೆ ನೋಡಿದ. “ಇದು ನಮ್ಮ ಕ್ಲಾಸಲ್ವಾ ಮೇಷ್ಟ್ರೇ? ಹದಿನೇಳು. ಅಯ್ಯೋ, ನಾನೇ!” ಎಂದು ನಗತೊಡಗಿದ.

“ನಗೋದು ಆಮೇಲೆ. ನೀನು ಯಾಕೆ ನೋಟ್‌ಪುಸ್ತಕ ಕೊಡೋದು ನಿಲ್ಲಿಸಿದೆ?”

“ಈಗ ಕೇಳ್ತೀರಾ? ಬೆಂಚಿನ ಮೇಲೆ ನಿಲ್ಲಿಸ್ತೀರೇನು?” ಪಕ್ಕದಲ್ಲಿ ನಿಂತಿದ್ದ ಇಬ್ಬರು ಗಿರಾಕಿಗಳೂ ನಕ್ಕರು. ನಾನು ನಗದಿರುವುದನ್ನು ಕಂಡು ಅವನು ನಗು ನಿಲ್ಲಿಸಿದ. “ಮೇಷ್ಟ್ರೇ, ನಾನು ನಾಲ್ಕು ಸಾಲು ಬರೆದ್ರೆ ನೀವು ಹದಿನಾಲ್ಕು ಸಾಲು ಬರೀತಿದ್ರಿ. ಅದು ನನ್ನ ಪುಸ್ತಕಾನೋ ನಿಮ್ಮ ಪುಸ್ತಕಾನೋ ಗೊತ್ತಾಗ್ತಿರಲಿಲ್ಲ.”

“ನಿನ್ನ ಒಳ್ಳೇದಕ್ಕೇ ಬರೀತಿದ್ದದ್ದು.”

“ಇಲ್ಲ ಅಂದ್ನಾ? ಒಂದ್ಸಲ ನಮ್ಮಪ್ಪ ಕೆಲಸದ ಜಾಗದಲ್ಲಿ ಬಿದ್ದು ಕೈ ಮುರ್ಕೊಂಡಿದ್ದನ್ನ ಬರೆದಿದ್ದೆ. ಎರಡು ಪುಟ. ಅಷ್ಟುದ್ದ ನಾನು ಅದಕ್ಕೆ ಮುಂಚೆ ಬರೆದಿರಲಿಲ್ಲ, ಆಮೇಲೂ ಬರೆದಿಲ್ಲ. ನೀವು ಕೊನೇಲಿ ‘ಅರವತ್ತೊಂದು ತಪ್ಪು’ ಅಂತ ಬರೆದು ಸುತ್ತ ವೃತ್ತ ಹಾಕಿದ್ರಿ. ಅಷ್ಟೇ.” ಮುಚ್ಚಳ ಹಾಕಿ ಗುಂಡಿ ಒತ್ತಿದ. “ಕೈ ಹೇಗಿದೆ ಅಂತ ಕೇಳ್ತೀರೇನೋ ಅಂತ ಪುಟ ತಿರುವಿ ನೋಡಿದೆ. ಹಿಂದೆ ಏನೂ ಇರಲಿಲ್ಲ.”

ಇಷ್ಟು ವರ್ಷ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನನಗೆ ಕುರ್ಚಿ ಒರೆಸಿ ಕೊಡುತ್ತಿದ್ದನಲ್ಲ! ಆಗಲೇ ಹೇಳಬಾರದಾಗಿತ್ತೇ? ಹೇಳದವರ ಕಷ್ಟ ನನಗೆ ತಿಳಿಯುವುದಾದರೂ ಹೇಗೆ? ಐವತ್ತೆರಡು ಪುಸ್ತಕಗಳಲ್ಲಿ ಒಂದೊಂದಕ್ಕೂ ಕುಶಲ ವಿಚಾರಿಸುತ್ತಾ ಕುಳಿತರೆ ಪಾಠ ಮುಗಿಯುತ್ತದೆಯೇ?

ಅವನು ಅಭ್ಯಾಸದಂತೆ ಚೀಟಿಯನ್ನೂ ಪೆನ್ನನ್ನೂ ನನ್ನ ಕಡೆ ತಳ್ಳಿದ. ಬರೆದು ಬಂದೆ.

ಮನೆಗೆ ಬಂದು, ಬೇರೆ ಕೆಲಸವಿಲ್ಲದ್ದರಿಂದ, ಒಂದು ಕ್ಯಾಲೆಂಡರ್ ಚೀಟಿಯಲ್ಲಿ ಬರೆದಿಟ್ಟೆ: ‘ಕ್ರಮಸಂಖ್ಯೆ ಹದಿನೇಳು. ತಂದೆಯ ಬಲಗೈ ಮುರಿದ ವಿಷಯ. ಎರಡು ಪುಟ. ಅನಂತರ ಬರೆದಿಲ್ಲ.’ ಐದು ಸಾಲು ತುಂಬಲಿಲ್ಲ.

ಜೂನ್ 28, ಶನಿವಾರ

ಅಧ್ಯಾಯ ಹೆಚ್ಚುಕಡಿಮೆ ಮುಗಿದಿದೆ. ಅರವತ್ತೆರಡು ಪುಟಗಳು ಮೂವತ್ತೆಂಟಕ್ಕೆ ಇಳಿದಿವೆ. ಪ್ರಶ್ನೆಯಿಂದ ಪ್ರಶ್ನೆಗೆ ನಡೆಯುತ್ತದೆ. ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುತ್ತಾರೆ. ಎಲ್ಲರೂ ಎಲ್ಲಿ ಮೌನವಾಗುತ್ತಾರೆ ಎಂಬುದು ಕಾಣುತ್ತದೆ. ಆದರೆ ನನ್ನ ಲೇಖನದ ಭಾಗಕ್ಕೆ ಬಂದಾಗ ತಲೆ ಕೆಟ್ಟುಹೋಯಿತು. ಹೀಗೆ ಬರೆದಿದ್ದಾಳೆ: ‘ಈ ಪ್ರವರ್ತಕ ಅಧ್ಯಯನಕ್ಕೆ ಕೆಲವು ಮಿತಿಗಳಿವೆಯಾದರೂ ಈ ಕ್ಷೇತ್ರಕ್ಕೆ ಅದರ ಕೊಡುಗೆ ಅನನ್ಯವಾದುದು.’

“ಏನಿದು? ಸನ್ಮಾನಪತ್ರವಾ?”

“ಸತ್ಯಾನೇ ಅಲ್ವಾ ಮಾವ? ಮಿತಿ ಇದೆ ಅಂತ ಹೇಳಿದೀನಿ.”

“ಯಾವ ಮಿತಿ? ಎಷ್ಟು ಜನ? ಯಾರು? ಓದಿದವನಿಗೆ ಏನು ಗೊತ್ತಾಗುತ್ತೆ? ಮುಲಾಜಿಗೆ ಬಿದ್ದು ಬರೆಯೋದು ಸಮೀಕ್ಷೆ ಅಲ್ಲ. ನಿನ್ನ ಮಾವ ಬರೆದದ್ದು ಅನ್ನೋದನ್ನ ಮರೆತು ಬರಿ.”

“ಮರೆಯೋಕೆ ಬಿಡ್ತೀರಾ ನೀವು? ಎದುರಿಗೇ ಕೂತಿದೀರಲ್ಲ.”

ಎದ್ದು ಹೊರಗಿನ ಮೆಟ್ಟಿಲ ಮೇಲೆ ಕುಳಿತೆ. ಮುಕ್ಕಾಲು ಗಂಟೆಯ ಮೇಲೆ ಕರೆದಳು. ಈಗ ಹೀಗಿದೆ: ‘ಮೊದಲ ಪರೀಕ್ಷೆಯಲ್ಲಿ ಐವತ್ತೆರಡು, ಕೊನೆಯದರಲ್ಲಿ ನಲವತ್ತಮೂರು ವಿದ್ಯಾರ್ಥಿಗಳಿದ್ದಾರೆ. ಲೇಖಕರ ಅಪ್ರಕಟಿತ ಅಂಕಪುಸ್ತಕದ ಪ್ರಕಾರ, ಕೈಬಿಟ್ಟ ಒಂಬತ್ತು ಮಂದಿಯೇ ಅತಿ ಹೆಚ್ಚು ತಪ್ಪು ಮಾಡುತ್ತಿದ್ದವರು. ಅವರನ್ನು ಎರಡೂ ಕಡೆ ಬಿಟ್ಟು ಎಣಿಸಿದರೆ ಸುಧಾರಣೆ ಹದಿನೈದರಿಂದ ಹತ್ತಕ್ಕೆ ಇಳಿಯುತ್ತದೆ. ಅನಂತರದ ಹನ್ನೊಂದು ಅಧ್ಯಯನಗಳು ಈ ವ್ಯತ್ಯಾಸವನ್ನು ಗಮನಿಸದೆ ಫಲಿತಾಂಶವನ್ನು ಸಾಬೀತಾದುದೆಂದು ಉಲ್ಲೇಖಿಸಿವೆ. ಸಮಗ್ರ ತಿದ್ದುವಿಕೆಯಿಂದಾಗಿ ಬರವಣಿಗೆಯನ್ನೇ ತೊರೆದ ವಿದ್ಯಾರ್ಥಿಗಳು ಎಷ್ಟು ಮಂದಿ, ಏಕೆ ತೊರೆದರು ಎಂಬುದನ್ನು ಇದುವರೆಗೆ ಯಾರೂ ವಿಚಾರಿಸಿಲ್ಲ.’

ಎರಡು ಸಲ ಓದಿದೆ. ಕೊನೆಯ ವಾಕ್ಯ ಸ್ವಲ್ಪ ಉದ್ದವಾಗಿದೆ ಅನ್ನಿಸಿ ಅಂಚಿನಲ್ಲಿ ಸೀಸದಕಡ್ಡಿಯಿಂದ ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಅವಳಿಗೆ ಸರಿಯೆನಿಸಿದರೆ ಬದಲಾಯಿಸಲಿ, ಇಲ್ಲವಾದರೆ ಬಿಡಲಿ. ಕೆಂಪು ಪೆನ್ನು ಎಲ್ಲೋ ಕಳೆದುಹೋಗಿದೆ ಎಂದು ಹೇಳಿದೆ.

“ನಿಮ್ಮ ಜೇಬಲ್ಲೇ ಇದೆಯಲ್ರೀ” ಎಂದಳು ಹೆಂಡತಿ. ಈ ಮನೆಯಲ್ಲಿ ಎಲ್ಲರಿಗೂ ಎಲ್ಲ ವಿಷಯಗಳಲ್ಲೂ ಮೂಗು ತೂರಿಸುವ ಚಟ.

ಜೂನ್ 30, ಸೋಮವಾರ

ಸಲ್ಲಿಸಿ ಬಂದಳು. ಮಾರ್ಗದರ್ಶಕಿ ಪುಟ ಎಣಿಸಿ ನೋಡಿ ಮೇಜಿನ ಮೇಲಿಟ್ಟರಂತೆ. ಕುಳಿತುಕೊಳ್ಳಿ ಎಂದೂ ಹೇಳಲಿಲ್ಲವಂತೆ. ಸೌಜನ್ಯ ಎಂಬುದು ಪದವಿಯ ಜೊತೆಗೆ ಬರುವುದಿಲ್ಲ.

ಜುಲೈ 9, ಬುಧವಾರ

ಅಧ್ಯಾಯ ಬಂದಿದೆ. ಮೊದಲ ಪುಟದ ಮೇಲೆ ‘ಅಂಗೀಕೃತ’ ಎಂಬ ಒಂದೇ ಪದ, ಸಹಿ. ಸೊಸೆ ಅದನ್ನು ಹಿಡಿದುಕೊಂಡು ನಡುಮನೆಯಲ್ಲಿ ನೆಲದ ಮೇಲೆ ಕುಳಿತುಬಿಟ್ಟಳು. ನನ್ನ ಹೆಂಡತಿ ಅವಳ ತಲೆ ಸವರಿದಳು. ಮಗ ಅಂಗಡಿಯಿಂದ ಫೋನ್ ಮಾಡಿ, ತಾನು ಮೊದಲೇ ಹೇಳಿದ್ದೆ ಎಂದ. ಏನು ಹೇಳಿದ್ದ ಎಂದು ಅವನನ್ನು ಕೇಳಬೇಕೆಂದಿದ್ದೆ, ಫೋನ್ ಇಟ್ಟುಬಿಟ್ಟಿದ್ದ.

ಮೂವತ್ತೆಂಟು ಪುಟಗಳಲ್ಲಿ ಆ ಪ್ರಾಧ್ಯಾಪಕಿ ಒಂದು ಕಡೆ ಮಾತ್ರ ಗುರುತು ಹಾಕಿದ್ದಾರೆ. ‘ಇದುವರೆಗೆ ಯಾರೂ ವಿಚಾರಿಸಿಲ್ಲ’ ಎಂಬಲ್ಲಿ ಅಡಿಗೆರೆ ಎಳೆದು, ಪಕ್ಕದಲ್ಲಿ ಬರೆದಿದ್ದಾರೆ: “ಹಾಗಾದರೆ ನೀವು ವಿಚಾರಿಸಿ.”

ಒಂದು ಮೆಚ್ಚುಗೆಯ ಮಾತಿಲ್ಲ. ಇಷ್ಟು ಶ್ರಮಕ್ಕೆ ಇನ್ನಷ್ಟು ಕೆಲಸ, ಅಷ್ಟೆ! ನಾನು ರೇಗುತ್ತಿದ್ದರೆ ಸೊಸೆ ನೆಲದ ಮೇಲೆ ಕುಳಿತೇ ಹೇಳಿದಳು: “ಮಾವ, ಆ ಒಂಬತ್ತು ಜನರ ಗುರುತಿರೋದು ನಿಮಗೊಬ್ಬರಿಗೇ. ನನ್ನನ್ನ ಕರ್ಕೊಂಡು ಹೋಗ್ತೀರಾ?”

“ನನಗೆ ಬೇರೆ ಕೆಲಸ ಇಲ್ವಾ?”

“ಇದೆಯಾ?”

ಮೂವರ ವಿಳಾಸ ನನಗೆ ಗೊತ್ತಿದೆ. ಒಬ್ಬಳು ಬಸ್ ನಿಲ್ದಾಣದ ಹಿಂದೆ ಹೊಲಿಗೆ ಕೆಲಸ ಮಾಡುತ್ತಾಳೆ ಎಂದು ಕೇಳಿದ್ದೇನೆ. ಉಳಿದವರನ್ನು ಹುಡುಕಬೇಕು. ಅಂಕಪುಸ್ತಕದ ಪ್ರಕಾರ ಕ್ರಮವಾಗಿ ಪಟ್ಟಿ ಮಾಡಿದ್ದೇನೆ.

ಜುಲೈ 12, ಶನಿವಾರ

ಮೊದಲು ಕ್ರಮಸಂಖ್ಯೆ ಹದಿನೇಳು. ದಾರಿಯುದ್ದಕ್ಕೂ ಸೊಸೆ ನನಗೆ ಪಾಠ ಹೇಳಿದಳು. “ಅಲ್ಲಿ ನಾನು ಕೇಳ್ತೀನಿ, ಅವರು ಹೇಳ್ತಾರೆ. ನೀವು ಮಾತಾಡಬಾರದು. ತಿದ್ದಬಾರದು. ಹಾಗಲ್ಲ, ಹೀಗೆ ಅನ್ನಬಾರದು.” ಮೂವತ್ತನಾಲ್ಕು ವರ್ಷ ತರಗತಿಯನ್ನು ಆಳಿದವನಿಗೆ ಬ್ಯಾಗು ಹಿಡಿದುಕೊಂಡು ಬಾಯಿ ಮುಚ್ಚಿಕೊಂಡಿರುವ ಕೆಲಸ!

ಅಂಗಡಿಯ ಬಾಗಿಲು ಅರ್ಧ ಎಳೆದು ಅವನು ಮುಕ್ಕಾಲು ಗಂಟೆ ಮಾತನಾಡಿದ. ನಾನು ಸ್ಟೂಲಿನ ಮೇಲೆ ಕುಳಿತಿದ್ದೆ. ಹಾಗಲ್ಲ ಎಂದು ಹೇಳಬೇಕಾದ ಜಾಗಗಳು ಆರು ಬಂದವು. ಆರನ್ನೂ ನುಂಗಿದೆ. ಹೊರಡುವಾಗ ಮಾತ್ರ ಒಂದು ಮಾತು ಕೇಳಿದೆ. ಅದಕ್ಕೂ ಸೊಸೆ ಕಣ್ಣು ಕೆಂಪು ಮಾಡಿ ನೋಡಿದಳು.

“ನಿಮ್ಮ ತಂದೆಯ ಬಲಗೈ ಆಮೇಲೆ ಸರಿಹೋಯ್ತಾ?”

ಅವನು ಯಂತ್ರದ ಮುಚ್ಚಳದ ಮೇಲೆ ಕೈಯಿಟ್ಟ. “ಹೋಯ್ತು ಮೇಷ್ಟ್ರೇ. ಸ್ವಲ್ಪ ಸೊಟ್ಟಗೆ ಕೂಡ್ಕೊಂಡಿತ್ತು, ಕೊನೇವರೆಗೂ ಹಾಗೇ ಇತ್ತು. ಆದ್ರೆ ಅದು ಎಡಗೈ. ಬಲಗೈ ಅಂತ ಯಾರು ಹೇಳಿದ್ರು ನಿಮಗೆ?”

ಯಾರೂ ಹೇಳಿರಲಿಲ್ಲ. ಅಂದು ಅವನು ಕೈ ಎಂದಷ್ಟೇ ಹೇಳಿದ್ದ. ಬಲಗೈ ಎಂದು ಬರೆದುಕೊಂಡದ್ದು ನಾನು.

ಮನೆಗೆ ಬಂದು ಆ ಚೀಟಿಯನ್ನು ಹುಡುಕಿದೆ. ಜೇಬಿನಿಂದ ಕೆಂಪು ಪೆನ್ನನ್ನು ತೆಗೆದು, ‘ಬಲಗೈ’ ಎಂಬುದನ್ನು ಹೊಡೆದುಹಾಕಿ, ಮೇಲೆ ‘ಎಡಗೈ’ ಎಂದು ತಿದ್ದಿದೆ.